ಕಮಲ ‘ಆದರೆ’ ಎಂದಮೇಲೆ ಏನು ಹಾಡಿದಳು?

ಇಸವಿ ಅರವತ್ತನಾಲ್ಕು, ಫೆಬ್ರವರಿ ಒಂದನೇ ತಾರೀಖು, ಶನಿವಾರ, ಸಂಜೆ ಏಳು ಗಂಟೆ ಐವತ್ತೆರಡು ನಿಮಿಷ. ಹಾಸನದ ನಮ್ಮ ಮನೆಯಲ್ಲಿ ನಮ್ಮಣ್ಣ ರೇಡಿಯೋ ಆರಿಸಿದ.

ಅಷ್ಟೇ. ಬಯ್ಯಲಿಲ್ಲ, ಕೈ ಎತ್ತಲಿಲ್ಲ. ರೇಡಿಯೋದ ಕಿವಿ ತಿರುಪಿದ, ಕೂತ. ಮಾರನೇ ದಿನ ಮೊದಲನೇ ಬಸ್ಸಿಗೆ ನಮ್ಮತ್ತಿಗೆ ಟ್ರಂಕಿನ ಸಮೇತ ಅರಕಲಗೂಡಿನ ತವರುಮನೆಗೆ ಹೊರಟುಹೋದರು.

ರೇಡಿಯೋ ಆರಿಸಿದ್ದಕ್ಕೆ ಯಾರಾದರೂ ಮನೆ ಬಿಡುತ್ತಾರೆಯೇ? ನೀವು ಕೇಳುವುದು ನ್ಯಾಯ. ಆದರೆ ಆರಿಸಿದ್ದು ಯಾವಾಗ ಎನ್ನುವುದನ್ನೂ ನೋಡಬೇಕು.

ಪ್ರತಿ ಶನಿವಾರ ಏಳೂವರೆಯಿಂದ ಎಂಟರವರೆಗೆ ಬರುವ ಸಂಸಾರದ ನಾಟಕ ನಿಮಗೆಲ್ಲ ಗೊತ್ತು. ಶ್ರೀಧರ ಗಂಡ, ಕಮಲ ಹೆಂಡತಿ. ಕಥೆ ಕಂತಿನ ಮೇಲೆ ಕಂತು ಮುಂದಕ್ಕೆ ಹೋಗುತ್ತಲೇ ಇದೆ. ನಾನು ಶುರುವಿನಿಂದಲೂ ಆಯಾ ವಾರದ ಕಥೆಯನ್ನು ಡೈರಿಯಲ್ಲಿ ಬರೆದಿಡುತ್ತೇನೆ. (ಯಾಕೆ ಎಂದು ಕೇಳಬೇಡಿ. ಮಳೆ ಬಂದದ್ದನ್ನೂ ಬರೆದಿಡುತ್ತೇನೆ.) ಆ ಶನಿವಾರ ಕಮಲ ಜಗಳವಾಡಿ, ಚೀಲ ಹಿಡಿದು, ಹೊಸ್ತಿಲ ಮೇಲೆ ನಿಂತಿದ್ದಳು. ಹಿಂದಿನಿಂದ ಶ್ರೀಧರ ಕರೆದ, ‘ಕಮ—’

ಅಣ್ಣನಿಗೆ ಏಳನೇ ಕ್ಲಾಸಿನ ಗಣಿತದ ಪೇಪರು ತಿದ್ದುವುದಿತ್ತು. ಟಕ್ ಎಂದು ಆರಿಸಿದ್ದು ಆಗಲೇ.

ನಾಟಕದ ಕಮಲ ಹೊಸ್ತಿಲು ದಾಟಿದಳೋ ಇಲ್ಲವೋ ಅವತ್ತು ನಮಗೆ ಗೊತ್ತಾಗಲಿಲ್ಲ. ನಮ್ಮತ್ತಿಗೆ ದಾಟಿದರು.

ನಮ್ಮಣ್ಣ ಮಿಡ್ಲ್ ಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಒಳ್ಳೆಯವನು. ಬೀಡಿ ಇಲ್ಲ, ಇಸ್ಪೀಟಿಲ್ಲ. ಅವನಲ್ಲಿರುವುದು ಒಂದೇ ವಿಶೇಷ. ಮದುವೆಯಾಗಿ ಮೂರು ವರ್ಷವಾದರೂ ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ. ಹೆಸರು ಹಾಗಿರಲಿ, ನೇರವಾಗಿ ಮಾತಾಡಿಸಿದವನೂ ಅಲ್ಲ. ಅತ್ತಿಗೆ ಪಕ್ಕದಲ್ಲೇ ನಿಂತಿದ್ದರೂ ಅಮ್ಮನಿಗೆ ಹೇಳುತ್ತಾನೆ, ‘ಕಾಫಿ ಬೇಕಂತೆ ಅಂತ ಹೇಳು.’ ಅಮ್ಮ ಮನೆಯಲ್ಲಿಲ್ಲದಿದ್ದರೆ ನನಗೆ. ನಾನೂ ಇಲ್ಲದಿದ್ದರೆ ಗೋಡೆಯ ಕ್ಯಾಲೆಂಡರಿಗೆ. ‘ಒಲೆ ಮೇಲೆ ಹಾಲು ಉಕ್ತಾ ಇದೆ’ ಎಂದು ಅವನು ಕ್ಯಾಲೆಂಡರಿಗೆ ಹೇಳಿದ್ದನ್ನು ಬಾಗಿಲಲ್ಲಿ ನಿಂತು ನಾನೇ ಕೇಳಿದ್ದೇನೆ. (ನಿಮ್ಮ ಮನೆಯಲ್ಲಿ ಹೀಗಿಲ್ಲ, ಅಲ್ಲವೇ? ಯೋಚಿಸಿ ಹೇಳಿ.)

ಒಂದು ವಾರ ಕಾದೆವು. ಅಮ್ಮ ದಿನಾ ಬೆಳಿಗ್ಗೆ ಶುರು ಮಾಡುತ್ತಿದ್ದಳು, ‘ಓಗ್ಲಾ, ಓಗಿ ಕರ್ಕಂಬಾರ್ಲಾ. ನನ್ ಕೈಲಿ ಮುದ್ದೆ ತಿರುವಾಕಾಗಕಿಲ್ಲ.’

‘ಹೋದೋರಿಗೆ ಬರೋ ದಾರೀನೂ ಗೊತ್ತಿರ್ತದೆ’ ಎಂದ ಅಣ್ಣ. ಕ್ಯಾಲೆಂಡರಿಗೆ.

ಒಂಬತ್ತನೇ ತಾರೀಖು ಭಾನುವಾರ ನಾನೇ ಅರಕಲಗೂಡಿಗೆ ಹೋದೆ. ಅತ್ತಿಗೆ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅವರ ಅಪ್ಪ ಕಂಬಕ್ಕೆ ಒರಗಿದ್ದರು.

‘ಏನ್ ರಂಗ, ಒಬ್ನೇ ಬಂದೆ? ನಿಮ್ಮಣ್ಣ ಕ್ಯಾಲೆಂಡರ್‌ನೂ ಜೊತೇಲಿ ಕಳಿಸ್ನಿಲ್ವಾ?’ ಎಂದರು ಅತ್ತಿಗೆ.

‘ಅತ್ತಿಗೆ, ಒಂದು ರೇಡಿಯೋಗೋಸ್ಕರ...’

‘ರೇಡಿಯೋ ಮನೆ ಆಳಾಗೋಗ್ಲಿ. ಆ ಶ್ರೀಧರ ಅಂಬೋನು ಕಮಲಾ ಅಂತ ಕರೀತಿದ್ದ. ವಾರಕ್ಕೊಂದ್ ದಿನ, ಯಾವನೋ ಒಬ್ಬ, ಯಾರ ಹೆಂಡ್ತೀನೋ ಹೆಸರು ಹಿಡಿದು ಕರೀತಾನಲ್ಲ, ಅದನ್ನಾರಾ ಕೇಳಾನ ಅಂತ ಕೂತಿರ್ತಿದ್ದೆ. ಅದನ್ನೂ ಪೂರ್ತಿ ಕೇಳಾಕ್ ಬುಡ್ನಿಲ್ಲ.’

ನಾನೂ ಒಂದು ಹಣ್ಣು ತೆಗೆದುಕೊಂಡು ಬೀಜ ಬಿಡಿಸತೊಡಗಿದೆ.

ಹಿಂದಿನ ದಿನದ ಕಂತಿನಲ್ಲಿ ಕಮಲ ತವರು ಸೇರಿದ್ದಳು. ಮುಂದಿನ ಶನಿವಾರ ಶ್ರೀಧರ ಕರೆಯಲು ಬರುತ್ತಾನೆ ಎಂದು ಹೇಳಿ ನಾಟಕ ನಿಲ್ಲಿಸಿದ್ದರು. ಅತ್ತಿಗೆ ಅದನ್ನೇ ಹಿಡಿದರು.

‘ನಿಮ್ಮಣ್ಣಂಗೆ ಹೇಳು. ಶ್ರೀಧರ ಬಂದು ಎಂಗೆ ಕರೀತಾನೋ ಇವ್ರೂ ಇಲ್ಲಿಗ್ ಬಂದು ಅಂಗೇ ಕರೀಲಿ. ಮಾತಾಡ್ದೆ ಟ್ರಂಕ್ ಎತ್ಕಂಡು ಬತ್ತೀನಿ. ಇಲ್ದಿದ್ರೆ ನಾನಿಲ್ಲೇ ಇರ್ತೀನಿ. ಅಪ್ಪ ನನ್ನ ಸ್ಕೂಲ್ ಮೇಡಂ ಟ್ರೈನಿಂಗ್‌ಗೆ ಸೇರಿಸ್ತೀನಿ ಅಂತವ್ರೆ.’

‘ಔದೌದು. ಅರ್ಜಿ ತರ್ಸಿವ್ನಿ’ ಎಂದರು ಅವರ ಅಪ್ಪ, ಕಣ್ಣು ಮುಚ್ಚಿಕೊಂಡೇ.

ತಮಾಷೆಯಲ್ಲ ಎಂದು ನನಗೆ ಗೊತ್ತಾದದ್ದು ಆಗ.

ಸುದ್ದಿ ಕೇಳಿ ಅಣ್ಣ ಬೆವರಿದ, ಆಮೇಲೆ ಲೆಕ್ಕ ಹಾಕಿದ. ‘ಏನು, ಎರಡು ಮಾತು ತಾನೆ? ಕಮಲಾ, ಮನೆಗೆ ಬಾ ಅಂತಾನೆ. ಹೆಸರು ಬದಲಾಯಿಸಿ ಹೇಳಿದರಾಯಿತು. ಬೀದೀಲಿ ಯಾರೂ ಇಲ್ಲದಾಗ.’

ಹದಿನೈದನೇ ತಾರೀಖು, ಶನಿವಾರ. ಏಳೂಕಾಲಿಗೇ ಅಣ್ಣ ತಾನೇ ರೇಡಿಯೋ ಹಾಕಿದ. ಡಿಕ್ಟೇಷನ್ ಬರೆಯುವ ಹುಡುಗನ ಹಾಗೆ ಹಾಳೆ, ಪೆನ್ಸಿಲ್ ಹಿಡಿದು ಕೂತ.

ಏಳೂವರೆಗೆ ತಂಬೂರಿ ಶುರುವಾಯಿತು. ತಂಬೂರಿ ಯಾಕೆ?

ಮೊದಲು ಕಮಲನ ಮನೆಯ ಅಡುಗೆಯವಳು ಬಾಗಿಲು ತೆಗೆದಳು. ‘ಯಾರು?’ ಎನ್ನುವುದನ್ನು ಹಾಡಿದಳು. ಪೋಸ್ಟ್‌ಮನ್ ‘ಪೋಸ್ಟ್’ ಎಂದು ಹಾಡಿದ. ಕಮಲನ ಅಪ್ಪ ಕೊಡೆ ಕಳೆದುಹೋಗಿದೆ ಎಂದು ವಿಸ್ತಾರವಾಗಿ ಹಾಡಿದರು. ಡಾಕ್ಟರು ಬಂದು, ಊಟವಾದ ಮೇಲೆ ದಿನಕ್ಕೆ ಮೂರು ಸಲ ಎಂಬುದನ್ನು ಮೂರು ಸಲ ಹಾಡಿದರು. ಹಿಂದಿನ ವಾರದವರೆಗೆ ನಮ್ಮ ನಿಮ್ಮ ಹಾಗೆ ಮಾತಾಡುತ್ತಿದ್ದ ಜನ! ಒಬ್ಬರೂ ಮಾತಾಡಲಿಲ್ಲ. ನಾಟಕದವರು ಈ ಒಂದು ವಾರ ಎಲ್ಲವನ್ನೂ ಸಂಗೀತದಲ್ಲೇ ನಡೆಸಬೇಕೆಂದು ಯಾಕೆ ತೀರ್ಮಾನಿಸಿದರೋ, ದೇವರಿಗೇ ಗೊತ್ತು.

‘ಇವಕ್ಕೇನ್ ಬಂತ್ಲಾ? ಎಲ್ರಿಗೂ ಒಟ್ಟಿಗೇ ಮೆಟ್ಕಂಡೈತಾ?’ ಎಂದಳು ಅಮ್ಮ.

ಏಳು ಐವತ್ತಕ್ಕೆ ಶ್ರೀಧರ ಬಂದ. ಒಳಗೆ ಬರಲಿಲ್ಲ. ಬೀದಿಯಲ್ಲೇ ನಿಂತು ಆಲಾಪನೆ ತೆಗೆದ. ಕಮಲಾ ಎಂದ, ಕಮಲಾ ಎಂದ, ‘ಆ’ ಎಂದು ಮೇಲಕ್ಕೆ ಹೋದವನು ಬಹಳ ಹೊತ್ತು ಕೆಳಕ್ಕೆ ಬರಲಿಲ್ಲ.

ಅಣ್ಣ ಪೆನ್ಸಿಲ್ ಎತ್ತಿ ನನ್ನನ್ನು ಕೇಳಿದ, ‘ಈ “ಆ” ಅನ್ನೋದನ್ನ ಎಷ್ಟು ಅಂತ ಬರ್ಕೊಳ್ಳಲಿ?’

‘ಮನೆ ಬಿಟ್ಟೋದೋಳ್ನ ಕರಿಯಾಕೆ ತಬಲ ಯಾತಕ್ಕಲಾ ಬೇಕು?’ ಎಂದಳು ಅಮ್ಮ.

ಕೊನೆಗೆ ಕಮಲ ಬಾಗಿಲಿಗೆ ಬಂದಳು. ಪಿಟೀಲು ನಿಂತಿತು. ಅವಳು ತೆಳ್ಳಗೆ ಹಾಡಿದಳು, ‘ಬರುವೆನು... ಆದರೆ...’

ಗಂಟೆ ಎಂಟು. ವಾರ್ತೆ.

ಹೌದು. ಆಲಾಪನೆಯಲ್ಲಿ ಹೊತ್ತು ಮೀರಿತ್ತು. ಕಮಲನ ಷರತ್ತು ನುಂಗಿಹೋಯಿತು, ನಮಗೆ ಯಾವುದೋ ಮಂತ್ರಿಗಳ ಪ್ರವಾಸದ ವಿವರ ಸಿಕ್ಕಿತು.

ಅಣ್ಣ ಹಾಳೆ ಮಡಚಿದ. ‘ನನಗೆ ಹಾಡೋಕೆ ಬರಲ್ಲ.’

‘ಯಾಕ್ ಬರಕಿಲ್ಲ? ಮಗ್ಗಿ ರಾಗ ಬತ್ತದಲ್ಲ. ಅದ್ರಲ್ಲೇ ಏಳು’ ಎಂದಳು ಅಮ್ಮ. ಅವಳು ಅಂದದ್ದು ಕೋಪಕ್ಕೆ. ಅವನು ತೆಗೆದುಕೊಂಡದ್ದು ಸಲಹೆ ಎಂದು.

ಮಾರನೇ ದಿನ ನಾವಿಬ್ಬರೂ ಅರಕಲಗೂಡಿನಲ್ಲಿ ಇಳಿದಾಗ ನಾಲ್ಕು ಗಂಟೆ. ಬೀದಿ ತುಂಬಾ ಜನ. ಹೊತ್ತು ಮುಳುಗಲಿ, ಎಲ್ಲರೂ ಒಳಗೆ ಹೋಗಲಿ ಎಂದು ಅಣ್ಣ ಹೋಟೆಲಿನಲ್ಲಿ ಕಾಫಿಯ ಮೇಲೆ ಕಾಫಿ ಕುಡಿದ. ದೀಪ ಹಚ್ಚುವ ಹೊತ್ತಿಗೆ ಎದ್ದ.

ನೋಡಿ, ನಮ್ಮ ಊರುಗಳಲ್ಲಿ ದೀಪ ಹಚ್ಚಿದ ತಕ್ಷಣ ಮಕ್ಕಳು ಏನು ಮಾಡುತ್ತವೆ? ಕೈಕಾಲು ತೊಳೆದು ಜಗಲಿಯ ಮೇಲೆ ಸಾಲಾಗಿ ಕೂತು ಮಗ್ಗಿ ಹೇಳುತ್ತವೆ. ದೊಡ್ಡವರೊಬ್ಬರು ಒಂದು ಸಾಲು ಹೇಳಿದರೆ ಉಳಿದವರೆಲ್ಲ ಅದನ್ನೇ ಕೂಗುತ್ತಾರೆ. ಇದನ್ನು ದಿನಾ ಮಾಡಿಸಿ ಎಂದು ಹಾಸನದ ಮನೆಮನೆಗೆ ಹೇಳಿ ಬರುವವನೇ ನಮ್ಮಣ್ಣ. ಅವನಿಗೇ ಅದು ಮರೆತಿತ್ತು.

ಬೀದಿಯಲ್ಲಿ ಯಾರೂ ಇರಲಿಲ್ಲ. ಜಗಲಿ ಒಂದೂ ಖಾಲಿ ಇರಲಿಲ್ಲ.

‘ಬನ್ನಿ ಬನ್ನಿ ಅಳೀಮಯ್ಯ, ಬೀದೀಲ್ಯಾಕ್ ನಿಂತ್ರಿ?’ ಎಂದರು ಅತ್ತಿಗೆಯ ಅಪ್ಪ.

‘ಒಳಗೆ ಬರೋ ಹಾಗಿಲ್ಲ ಅಂತ ಹೇಳೋ. ಶ್ರೀಧರ ಹೊರಗೇ ನಿಂತಿದ್ದು’ ಎಂದ ಅಣ್ಣ, ನನಗೆ. ಅತ್ತಿಗೆ ಬಾಗಿಲ ಹಿಂದೆ ಬಂದು ನಿಂತದ್ದು ಬಳೆಯ ಸದ್ದಿನಿಂದ ಗೊತ್ತಾಯಿತು.

ಅಣ್ಣ ಅತ್ತ ಇತ್ತ ನೋಡಿದ. ಅಲ್ಲಿ ಕ್ಯಾಲೆಂಡರ್ ಇರಲಿಲ್ಲ. ಕಣ್ಣು ಮುಚ್ಚಿ ಶುರು ಮಾಡಿದ.

‘ಜಯಮ್ಮೊಂದ್ಲ ಜಯಮ್ಮಾ.’

ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಮಕ್ಕಳೆಲ್ಲ ಒಟ್ಟಿಗೆ ಕೂಗಿದವು, ‘ಜಯಮ್ಮೊಂದ್ಲ ಜಯಮ್ಮಾ!’

ಪಾಪ, ಅವುಗಳ ತಪ್ಪೇನು? ರಾಗ ಕೇಳಿತು, ಬಾಯಿ ತೆರೆಯಿತು. ಅಣ್ಣ ಬೆಚ್ಚಿಬಿದ್ದ. ಆದರೆ ಮಗ್ಗಿಯನ್ನು ನಡುವೆ ನಿಲ್ಲಿಸುವುದು ಅವನ ಜನ್ಮದಲ್ಲೇ ಇಲ್ಲ.

‘ಜಯಮ್ಮೆರಡ್ಲ ತಪ್ಪಾಯ್ತು.’

‘ಜಯಮ್ಮೆರಡ್ಲ ತಪ್ಪಾಯ್ತು!’

ಮೂರ್ಲ ಮನೆಗೆ ಬಾ. ನಾಕ್ಲ ರೇಡಿಯೋ ಆರ್ಸಲ್ಲ. ಐದ್ಲ ಅಮ್ಮ ಕೇಳ್ತಾಳೆ. ಆರ್ಲ ಹಾಲೆಲ್ಲ ಉಕ್ಕೋಯ್ತು. ಏಳ್ಲ ಎಂಟ್ಲಕ್ಕೆ ಹೇಳಲು ಏನೂ ಉಳಿಯದೆ ಹಾಲನ್ನೇ ಇನ್ನೆರಡು ಸಲ ಉಕ್ಕಿಸಿದ. ಒಂಬತ್ಲ, ಹತ್ಲ ಎರಡಕ್ಕೂ ಬರೀ ಜಯಮ್ಮ. ಅರಕಲಗೂಡಿನ ಒಂದಿಡೀ ಬೀದಿ ಅವನ ಹಿಂದೆ ಅತ್ತಿಗೆಯ ಕ್ಷಮೆ ಕೇಳಿತು.

ಮುಗಿಯಿತಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಎದುರು ಜಗಲಿಯಿಂದ ಒಬ್ಬ ಅಜ್ಜ ಎದ್ದು ನಿಂತರು. ಕಂಪನಿ ನಾಟಕ ಒಂದನ್ನೂ ಬಿಡದವರಂತೆ. ಎರಡೂ ಕೈ ಎತ್ತಿ ಕೂಗಿದರು, ‘ಒನ್ಸ್ ಮೋರ್!’

ಒನ್ಸ್ ಮೋರ್ ಎಂದರೆ ಸತ್ತು ಬಿದ್ದ ರಾಜನೂ ಎದ್ದು ಇನ್ನೊಂದು ಸಲ ಹಾಡಬೇಕು, ಅದು ನಮ್ಮ ಕಡೆಯ ಕಾನೂನು. ಅಣ್ಣ ಕಾನೂನು ಮೀರುವವನಲ್ಲ. ಜಯಮ್ಮೊಂದ್ಲದಿಂದ ಮತ್ತೆ ಶುರು ಮಾಡಿದ. ಎರಡನೇ ಸಲ ಹೆಸರು ಸರಾಗವಾಗಿ ಬರುತ್ತಿತ್ತು. ನಾನು ಬಾಗಿಲ ಕಡೆ ನೋಡಿದೆ. ಅತ್ತಿಗೆ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ? ಎರಡನ್ನೂ ಡೈರಿಯಲ್ಲಿ ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

ಹತ್ಲ ಮುಗಿದಾಗ ಅವರು ಹೊಸ್ತಿಲಿಗೆ ಬಂದರು.

‘ಬತ್ತೀನಿ. ಆದ್ರೆ...’

ಬೀದಿಯೆಲ್ಲ ಕಾದು ನಿಂತಿತು. ಮಕ್ಕಳು ಬಾಯಿ ತೆರೆದುಕೊಂಡು ಕಾದವು.

‘ಆದ್ರೆ ಏನವ್ವಾ?’ ಎಂದರು ಅವರ ಅಪ್ಪ.

‘ಅದು ರೇಡಿಯೋದಲ್ಲೂ ಬರ್ನಿಲ್ವಲ್ಲಪ್ಪ. ಗೊತ್ತಾದಾಗ ಏಳ್ತೀನಿ’ ಎಂದು ಅತ್ತಿಗೆ ಟ್ರಂಕು ತರಲು ಒಳಗೆ ಹೋದರು.

ಕೊನೇ ಬಸ್ಸಿಗೆ ಮೂವರೂ ಹಾಸನಕ್ಕೆ ಬಂದೆವು. ಮುಂದಿನ ಶನಿವಾರ ಅಣ್ಣ ಎಲ್ಲರಿಗಿಂತ ಮೊದಲು ರೇಡಿಯೋ ಮುಂದೆ ಕೂತ. ಕಮಲನ ಷರತ್ತು ಏನೆಂದು ಅವನಿಗೆ ತಿಳಿಯಲೇಬೇಕಿತ್ತು. ನಾಟಕ ಶುರುವಾಯಿತು. ಎಲ್ಲರೂ ಮಾತಾಡುತ್ತಿದ್ದರು! ಕಮಲ ಗಂಡನ ಮನೆಯಲ್ಲಿ ಆರಾಮವಾಗಿ ಕಾಫಿ ಬಗ್ಗಿಸುತ್ತಿದ್ದಳು. ಹಿಂದಿನ ವಾರ ಊರಿಗೆ ಊರೇ ಹಾಡಿದ್ದನ್ನು ಒಬ್ಬರೂ ಎತ್ತಲಿಲ್ಲ. ಡಾಕ್ಟರೂ ಎತ್ತಲಿಲ್ಲ.

‘ಹಾಡಿದ್ದೆಲ್ಲ ಎಲ್ಲೋಯ್ತು?’ ಎಂದು ಅಣ್ಣ ರೇಡಿಯೋವನ್ನು ಗದರಿಸಿದ.

ಎಲ್ಲಿಗೆ ಹೋಗುತ್ತದೆ? ನಮ್ಮ ಮನೆಯಲ್ಲೂ ಹಾಗೇ ಆಗಿದೆ. ಅರಕಲಗೂಡಿನ ಸಂಜೆಯ ಮಾತು ಯಾರೂ ತೆಗೆಯುವುದಿಲ್ಲ. ಎಲ್ಲ ಮೊದಲಿನಂತೆಯೇ. ಒಂದೇ ವ್ಯತ್ಯಾಸ. ಬೆಳಿಗ್ಗೆ ಎದ್ದರೆ ನಡುಮನೆಯಿಂದ ಸಣ್ಣ ದನಿಯಲ್ಲಿ ‘ಜಯಮ್ಮೊಂದ್ಲ ಕಾಫಿ’ ಎಂದು ಕೇಳಿಸುತ್ತದೆ. ಬರೀ ಮಾತಿನಲ್ಲಿ ಆ ಹೆಸರು ಅವನಿಗೆ ಇನ್ನೂ ಬಾಯಿಗೆ ಬರುವುದಿಲ್ಲ. ರಾಗ ಬೇಕು.

ಇನ್ನು ಆ ‘ಆದರೆ’. ವಾರಕ್ಕೊಂದು ಸಲ ಅತ್ತಿಗೆಗೆ ಅದು ಗೊತ್ತಾಗುತ್ತದೆ. ಮೊದಲ ವಾರ, ಆದ್ರೆ ಶನಿವಾರ ಪೇಪರು ತಿದ್ದಂಗಿಲ್ಲ. ಎರಡನೇ ವಾರ, ಆದ್ರೆ ಶ್ರವಣಬೆಳಗೊಳಕ್ಕೆ ಕರ್ಕೊಂಡೋಗ್ಬೇಕು. ಮೆಟ್ಟಿಲೆಲ್ಲ ಹತ್ತಿ ಇಳಿದು ಬಂದ ಮೇಲೆ ಮೂರನೆಯದು, ಆದ್ರೆ ಮೇಡಂ ಟ್ರೈನಿಂಗ್ ಅರ್ಜೀನ ಹರಿಯಂಗಿಲ್ಲ, ತುಂಬಿ ಕಳಿಸ್ಬೇಕು. ಅದನ್ನೂ ಅಣ್ಣನೇ ತುಂಬಿ ಕಳಿಸಿದ್ದಾನೆ.

ಆದ್ದರಿಂದ, ಕಮಲನ ನಿಜವಾದ ಷರತ್ತು ಗೊತ್ತಾದರೆ ಇದು ನಿಲ್ಲುತ್ತದೆ ಎಂದು, ಅಣ್ಣ ನನ್ನನ್ನು ಬೇಡಿಕೊಂಡು ಈ ಅಂಕಣ ಬರೆಸಿದ್ದಾನೆ. ಆ ಹಾಡಿನ ಕಂತಿನಲ್ಲಿ ಕಮಲ ‘ಆದರೆ’ ಎಂದಮೇಲೆ ಏನು ಹಾಡಿದಳು? ನಾನು ವಿಚಾರಿಸಿದ್ದೇನೆ. ಹೊಳೆನರಸೀಪುರದ ಗೆಳೆಯನ ಪ್ರಕಾರ ಸೀರೆ ಕೇಳಿದಳು. ಚನ್ನರಾಯಪಟ್ಟಣದಲ್ಲಿ ಕರೆಂಟೇ ಇರಲಿಲ್ಲ. ನುಗ್ಗೇಹಳ್ಳಿಯ ಒಬ್ಬರು ಏನೂ ಕೇಳಲಿಲ್ಲ, ಅತ್ತಳು ಎನ್ನುತ್ತಾರೆ. ಬರೆದವರಾಗಲಿ, ಹಾಡಿದವರಾಗಲಿ, ಪಿಟೀಲು ನುಡಿಸಿದವರಾಗಲಿ, ಸರಿಯಾಗಿ ತಿಳಿದವರು ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ.

ಬರೆದದ್ದನ್ನು ಅತ್ತಿಗೆಗೆ ಓದಿ ಹೇಳಿದೆ. ‘ಕಾರ್ಡ್ ಬರ್ಲಿ ಬುಡು ರಂಗ’ ಎಂದರು, ‘ಆದ್ರೆ ಮೊದ್ಲು ನನ್ ಕೈಗ್ ಕೊಡು.’