ಸಾರ್ ಬರೆಸಿದ ತಪ್ಪು

ಮಾತ್ರೆಯ ಪಟ್ಟಿಗಳನ್ನು ಕತ್ತರಿಸಿ ಕತ್ತರಿಸಿ ಸಾರ್ ಅವರ ಬಲ ಹೆಬ್ಬೆರಳಿನ ಬುಡದಲ್ಲಿ ಕಡಲೆಬೀಜದಷ್ಟು ಗಂಟು ಬೆಳೆದಿತ್ತು. ಶಿಡ್ಲಘಟ್ಟದ ಅವರ ಮೆಡಿಕಲ್ ಸ್ಟೋರಿನಲ್ಲಿ ನಾನು ಡಿ.ಫಾರ್ಮಾ ತರಬೇತಿಗೆ ನಿಂತಿದ್ದೆ. ಮಾತ್ರೆ ಯಾವಾಗ ನುಂಗಬೇಕೆಂದು ಗಿರಾಕಿಯ ಬಾಯಲ್ಲೇ ಹೇಳಿಸದೆ ಅವರು ಬಿಡುತ್ತಿರಲಿಲ್ಲ. ಕನ್ನಡದಲ್ಲಿ ತಡವರಿಸಿದವರಿಗೆ "ಎಪ್ಪುಡೇಸ್ಕೊಂಟಾವು, ಚೆಪ್ಪು" ಎಂದು ತೆಲುಗಿನಲ್ಲಿ ಮತ್ತೆ ಶುರು. ಹಿಂದೆ ನಿಂತವರ ಗೊಣಗಾಟ ಕಿವಿಗೇ ಬೀಳುತ್ತಿರಲಿಲ್ಲ.

ಆ ವರ್ಷ ಸುತ್ತಲಿನ ಫಾರ್ಮಸಿ ಕಾಲೇಜುಗಳೆಲ್ಲ ಸೇರಿ, ನಮಗೆ ಕಲಿಸುವ ಫಾರ್ಮಸಿಸ್ಟರಿಗೇ ಒಂದು ಆನ್‌ಲೈನ್ ತರಬೇತಿ ಇಟ್ಟವು. ಮುಗಿಸದವರ ಅಂಗಡಿಗೆ ವಿದ್ಯಾರ್ಥಿಗಳಿಲ್ಲ ಎಂದರು. ಸಾರ್ ಮುಗಿಸದಿದ್ದರೆ ನನ್ನನ್ನು ಗೌರಿಬಿದನೂರಿನ ಅಂಗಡಿಗೆ ಹಾಕುತ್ತಿದ್ದರು. ಅಷ್ಟು ದೂರ ಮನೆಯಲ್ಲಿ ಕಳಿಸುವುದಿಲ್ಲ, ಓದು ಅಲ್ಲಿಗೇ ನಿಲ್ಲುತ್ತಿತ್ತು. ಕಂಪ್ಯೂಟರನ್ನು ಮುಟ್ಟಿಯೂ ನೋಡದ ಸಾರ್ ನನಗಾಗಿ ಸೈಬರ್ ಸೆಂಟರಿಗೆ ಬಂದು ಕೂತರು. ಮೌಸನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ನಗು ತಡೆಯಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಅವರು ಕನ್ನಡದಲ್ಲಿ ಉತ್ತರ ಹೇಳುವುದು, ನಾನು ನನಗೆ ಬಂದ ಇಂಗ್ಲಿಷಿನಲ್ಲಿ ಟೈಪ್ ಮಾಡುವುದು, ಹೀಗೆ ಸಾಗಿತು.

ಕೊನೆಯ ಪಾಠದಲ್ಲಿ, ನಿಮ್ಮ ಅಂಗಡಿಯಲ್ಲಿ ನಡೆದ ಒಂದು ತಪ್ಪನ್ನು ಬರೆಯಿರಿ ಎಂದಿತ್ತು. ಎಲ್ಲ ಕಾಲೇಜಿನವರೂ ಅದನ್ನು ಓದುತ್ತಾರೆ. ಏನಾದರೂ ಸಣ್ಣದು ಬರೆದು ಮುಗಿಸೋಣ ಎಂದೆ. ಸಾರ್ ಒಪ್ಪಲಿಲ್ಲ. ಜಂಗಮಕೋಟೆಯ ಅಜ್ಜಿಯೊಬ್ಬರಿಗೆ ತರಬೇತಿಯ ಹುಡುಗಿ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ದುಪ್ಪಟ್ಟು ಶಕ್ತಿಯದು ಕೊಟ್ಟಳು, ಗೊತ್ತಾದ ಕೂಡಲೇ ತಾವೇ ಬಸ್ಸು ಹತ್ತಿ ಹೋಗಿ ಬದಲಾಯಿಸಿ ಬಂದಿದ್ದಾಗಿ ಬರೆಸತೊಡಗಿದರು. ನನ್ನ ಕೈ ನಿಂತುಹೋಯಿತು. ಆ ಹುಡುಗಿ ನಾನೇ. ಇಷ್ಟು ಜನ ಓದಿದ ಮೇಲೆ ನನಗೆ ತರಬೇತಿ ಉಳಿದೀತೆ?

"ಅಳ್ಬೇಡ ಕಣಮ್ಮ. ಕೊಡೋಕ್ ಮುಂಚೆ ನೋಡ್ಬೇಕಾಗಿದ್ದೋನು ನಾನು, ನೋಡ್ಲಿಲ್ಲ. ಅದನ್ನೂ ಹಾಕು."

ಹಾಕಿದೆ. ಎರಡು ದಿನಕ್ಕೆ ಚಿಕ್ಕಬಳ್ಳಾಪುರದ ಕಡೆಯ ಮೇಷ್ಟರೊಬ್ಬರು ಅದರ ಕೆಳಗೇ ಪ್ರಶ್ನೆ ಹಾಕಿದ್ದರು: ಆ ವಿದ್ಯಾರ್ಥಿನಿಯ ಮೇಲೆ ಏನು ಕ್ರಮ ಕೈಗೊಂಡಿರಿ? ನಾನೇ ಅದನ್ನು ಸಾರ್‌ಗೆ ಓದಿ ಹೇಳಿದೆ. ಸಾರ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಬರಿಯಮ್ಮ. ಮಾರನೇ ದಿನ ಬಾಗ್ಲು ತೆಗೆದ ತಕ್ಷಣ ಅವಳನ್ನೇ ಕೌಂಟರಿಗೆ ನಿಲ್ಲಿಸ್ದೆ."

ನಿಲ್ಲಿಸಿದ್ದು ನಿಜ. ಆ ಬೆಳಿಗ್ಗೆ ಗಂಟುಮೂಟೆ ಕಟ್ಟಲು ಸಿದ್ಧಳಾಗಿಯೇ ಹೋಗಿದ್ದ ನನಗೆ, ಅವರು ಮೊದಲ ಗಿರಾಕಿಯ ಚೀಟಿ ಕೊಟ್ಟಿದ್ದರು. ಸಾರ್ ಪಾಸಾದರು, ನನ್ನ ಓದು ಉಳಿಯಿತು.

ಈಗ ಚಿಂತಾಮಣಿಯಲ್ಲಿ ನನ್ನದೇ ಅಂಗಡಿಯಿದೆ. ಸಾರ್ ತೀರಿಕೊಂಡಾಗ ಮಣ್ಣಿಗೆ ಹೋಗಿ ಬಂದೆ. ನಾಲ್ಕು ದಿನ ಮುಚ್ಚಿಬಿಡು ಎಂದರು ಮನೆಯವರು. ಮಾರನೇ ದಿನ ಬೆಳಿಗ್ಗೆ ಮುಖ ತೊಳೆದು ಹೋಗಿ, ಅಳುತ್ತಲೇ ಕೌಂಟರಿಗೆ ನಿಂತೆ.