ಸಂಜೆಯ ಟ್ಯೂಬು

ಚೆನ್ನೈಯ ಅಡ್ಯಾರಿನ ಪ್ರಯೋಗಾಲಯವೊಂದರಲ್ಲಿ ನಾನು ಆರು ವರ್ಷ ಇದ್ದೆ. ನನ್ನ ಗೈಡ್ ರೋಗನಿರೋಧಕ ಶಾಸ್ತ್ರದಲ್ಲಿ ದೊಡ್ಡ ಹೆಸರು. ಆದರೆ ಅಷ್ಟು ವರ್ಷಗಳಲ್ಲಿ ಅವರು ಒಮ್ಮೆಯೂ ಸೂಕ್ಷ್ಮದರ್ಶಕದೊಳಗೆ ಇಣುಕಿದ್ದನ್ನು ನಾನು ಕಾಣಲಿಲ್ಲ. ಬೆಳಿಗ್ಗೆ ಬಂದು ಕೂತ ಕೂಡಲೇ ಕಂಪ್ಯೂಟರಿನಲ್ಲಿ ಅವರು ನೋಡುತ್ತಿದ್ದದ್ದು ಒಂದೇ: ತಮ್ಮ ಪ್ರಬಂಧಗಳನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂಬ ಸಂಖ್ಯೆ. ರೈಲ್ವೆ ಕೆಲಸಕ್ಕೆಂದು ಮೂರು ತಲೆಮಾರಿನ ಹಿಂದೆ ಮದರಾಸಿಗೆ ಬಂದ ಮೈಸೂರಿನ ಕುಟುಂಬ ಅವರದು. ನಾನೂ ಕನ್ನಡದವಳೆಂದು ಈ ಸಂಭ್ರಮಕ್ಕೆ ನನಗೇ ಮೊದಲ ಕರೆ.

"ಇಲ್ಲಿ ಬಾಮ್ಮ, ಪಾರು, ನೆನ್ನೆಗಿಂತ ನಾಲ್ಕು ಏರಿದೆ."

"ಸೂಪರ್ ಸಾರ್" ಎನ್ನುತ್ತಿದ್ದೆ. ಅದೂ ನನ್ನ ಸಂಶೋಧನೆಯ ಭಾಗವೇ.

ಮಾಂಬಲದ ಹೋಟೆಲೊಂದರಲ್ಲಿ ಅಡುಗೆಗಿದ್ದ ನನ್ನ ಅಪ್ಪ, ಕುಂದಾಪುರದ ಕಡೆಯವರು, ಒಮ್ಮೆ ಕೇಳಿದರು, "ಅದೆಂತದು ಮಗಾ, ಸೈಟೇಶನ್ ಅಂದ್ರೆ?"

"ಇವ್ರು ಬರ್ದದ್ರ ಹೆಸ್ರನ್ನ ಬೇರೆಯವ್ರು ತಮ್ಮ ಲೇಖನದಲ್ಲಿ ಹಾಕೂದು."

"ಓದಿ ಹಾಕ್ತ್ರಾ?"

"ಓದ್ಲೇ ಬೇಕಂತ ಇಲ್ಲ."

"ಹಾಂಗಾರೆ ಉಂಡವ್ರನ್ನಲ್ಲ, ಬೋರ್ಡ್ ಕಂಡ್ ಹೋದವ್ರನ್ನ ಎಣಿಸೂದು" ಎಂದು ಅಪ್ಪ ನಕ್ಕರು.

ಗೈಡ್ ಅವರ ಕೀರ್ತಿಯೆಲ್ಲ ನಿಂತದ್ದು ಒಂದೇ ಪ್ರಬಂಧದ ಮೇಲೆ. ಕ್ಷಯರೋಗಿಗಳ ರಕ್ತದಲ್ಲಿ ಒಂದು ಬಗೆಯ ಬಿಳಿ ರಕ್ತಕಣ ವಿಪರೀತ ಹೆಚ್ಚಿರುತ್ತದೆ, ಅದನ್ನು ನೋಡಿಯೇ ರೋಗವನ್ನು ಗುರುತಿಸಬಹುದು ಎಂಬುದು ಅದರ ಸಾರ. ಹೆಚ್ಚು ರೋಗಿಗಳಲ್ಲಿ ಅದನ್ನೇ ಮತ್ತೆ ತೋರಿಸುವುದು ನನಗೆ ಕೊಟ್ಟ ಕೆಲಸ. ಉತ್ತರ ಚೆನ್ನೈನ ಆಸ್ಪತ್ರೆಯೊಂದಕ್ಕೆ ಹೋಗಿ, ಮಣಲಿಯ ಕಾರ್ಖಾನೆಗಳಲ್ಲಿ ದುಡಿಯುವ ಕ್ಷಯರೋಗಿಗಳ ತೋಳಿನಿಂದ ರಕ್ತ ತೆಗೆದು, ತಡಮಾಡದೆ ಆಟೋದಲ್ಲಿ ತಂದು ಪರೀಕ್ಷಿಸುತ್ತಿದ್ದೆ. ಒಂದು ವರ್ಷವಾದರೂ ಆ ಕಣ ಹೆಚ್ಚಿದ್ದು ಕಾಣಲಿಲ್ಲ. "ನಿನ್ನ ಕೈ ಸರಿ ಇಲ್ಲ" ಎಂದರು ಗೈಡ್. ನಾನೂ ನಂಬಿದೆ.

ಆಮೇಲೆ ಆ ಪ್ರಬಂಧದ ಕಾಲದ ಹಳೆಯ ನೋಟ್‌ಬುಕ್ಕುಗಳನ್ನು ತೆಗೆದು ನೋಡಿದೆ. ಆಗಿನ ವಿದ್ಯಾರ್ಥಿಗಳು ರೋಗಿಗಳ ರಕ್ತವನ್ನು ಬೆಳಿಗ್ಗೆ ತೆಗೆದು, ಡಬ್ಬದಲ್ಲಿಟ್ಟು, ಸಂಜೆ ಪರೀಕ್ಷಿಸಿದ್ದರು. ಆರೋಗ್ಯವಂತರದು ಎಂದು ಹೋಲಿಸಿದ್ದು ಪ್ರಯೋಗಾಲಯದವರದೇ ರಕ್ತ. ಅದನ್ನು ತೆಗೆದ ಕೂಡಲೇ ಪರೀಕ್ಷಿಸಿದ್ದರು. ನಾನು ನನ್ನ ರಕ್ತವನ್ನೇ ಎರಡು ಟ್ಯೂಬಿಗೆ ತುಂಬಿಸಿ, ಒಂದನ್ನು ಆಗಲೇ ನೋಡಿದೆ, ಇನ್ನೊಂದನ್ನು ಡಬ್ಬದಲ್ಲಿಟ್ಟು ಸಂಜೆ ನೋಡಿದೆ. ಬೆಳಗಿನ ಟ್ಯೂಬಿನಲ್ಲಿ ನಾನು ಗಟ್ಟಿಮುಟ್ಟಾಗಿದ್ದೆ. ಸಂಜೆಯ ಟ್ಯೂಬಿನಲ್ಲಿ ನನಗೆ ಕ್ಷಯ ಬಂದಿತ್ತು.

ಸಹೋದ್ಯೋಗಿಗಳ ರಕ್ತದಲ್ಲೂ ಹಾಗೆಯೇ ಆಯಿತು. ಕಾಗದಗಳನ್ನು ಗೈಡ್ ಮುಂದೆ ಹರವಿದೆ. ಅವರು ಎರಡನೆಯ ಹಾಳೆಯನ್ನೇ ತಿರುಗಿಸಲಿಲ್ಲ.

"ಅದು ಬಂದು ಎಷ್ಟು ಜನ ಸೈಟ್ ಮಾಡಿರೋ ಪೇಪರ್ ಗೊತ್ತಾಮ್ಮ? ಅವರೆಲ್ಲ ಮುಟ್ಟಾಳರಾ?"

"ಅವರು ಯಾರೂ ಮತ್ತೆ ಮಾಡಿ ನೋಡಿಲ್ಲ ಸಾರ್."

"ನಿನಗೆ ಡಿಗ್ರಿ ಬೇಕಾ, ಬೇಡವಾ?"

ಆ ಮನುಷ್ಯನ ಮೇಲೆ ನನಗಿದ್ದ ಕೊನೆಯ ಗೌರವ ಅಲ್ಲಿಗೇ ಹೋಯಿತು. ತಪ್ಪು ಯಾರಿಂದಲಾದರೂ ಆಗುತ್ತದೆ. ತಪ್ಪಿದೆಯೆಂದು ಅವರಿಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು. ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ ರೀತಿಯಲ್ಲೇ ಅದು ಕಾಣುತ್ತಿತ್ತು. ಆದರೂ ಮುಂದೆ ಸೂಜಿ ಚುಚ್ಚಿಸಿಕೊಳ್ಳುವ ರೋಗಿಗಳಿಗಿಂತ ಅವರಿಗೆ ಆ ಸಂಖ್ಯೆಯೇ ಹೆಚ್ಚಾಯಿತು. ನಾನೇನು ದೊಡ್ಡವಳಲ್ಲ. ಡಿಗ್ರಿ ಬೇಕಿತ್ತು. ಹೇಳಿದ ಹಾಗೆ ಥೀಸಿಸ್ ಬರೆದೆ, ಅವರ ಪ್ರಬಂಧಗಳನ್ನು ಬೇಕಿದ್ದ ಕಡೆ, ಬೇಡದ ಕಡೆ ತುರುಕಿದೆ. ರಕ್ತ ತಡವಾದರೆ ಫಲಿತಾಂಶ ಬದಲಾಗಬಹುದು ಎಂಬ ಒಂದು ವಾಕ್ಯವನ್ನು ಹೆದರಿ ಹೆದರಿ ಕೊನೆಯ ಅಧ್ಯಾಯದಲ್ಲಿ ಅಡಗಿಸಿಟ್ಟೆ. ಯಾರೂ ಓದಲಿಲ್ಲ.

ಬೇರೆ ಕಡೆ ಕೆಲಸ ಸಿಕ್ಕಿ, ಅವರ ಕೈಗೆ ನಾನು ಎಟುಕದಂತಾದ ಮೇಲಷ್ಟೇ ನನಗೆ ಧೈರ್ಯ ಬಂತು. ಇದೂ ಹೇಳಿಕೊಳ್ಳುವಂಥ ಧೈರ್ಯವಲ್ಲ. ಆ ಟ್ಯೂಬುಗಳ ಬಗ್ಗೆ ಎರಡು ಪುಟದ ಟಿಪ್ಪಣಿ ಬರೆದು, ಅವರ ಪ್ರಬಂಧ ಬಂದಿದ್ದ ಪತ್ರಿಕೆಗೇ ಕಳಿಸಿದೆ. ಪತ್ರಿಕೆಯವರು ಅದನ್ನು ಗೈಡ್ ಅವರ ಉತ್ತರದೊಂದಿಗೆ ಅಚ್ಚು ಹಾಕಿದರು. ಅನುಭವವಿಲ್ಲದ ವಿದ್ಯಾರ್ಥಿಗಳ ಕೈಯಲ್ಲಿ ಹೀಗಾಗುವುದುಂಟು ಎಂಬುದು ಅವರ ಉತ್ತರ. ಆ ವಿದ್ಯಾರ್ಥಿಗೆ ಡಿಗ್ರಿ ಕೊಡಿಸಿದವರು ತಾವೇ ಎಂಬುದನ್ನು ಬರೆಯಲಿಲ್ಲ.

ಅವರ ನಿವೃತ್ತಿಯ ಸನ್ಮಾನಕ್ಕೆ ನನಗೂ ಕರೆ ಬಂತು. ಹೋಗಬಾರದಿತ್ತು, ಹೋದೆ. ಶಾಲು, ಹಾರಗಳ ನಡುವೆ ನಿಂತು ಅವರು ಮೈಕಿನಲ್ಲಿ ನನ್ನ ಕಡೆ ಕೈ ತೋರಿಸಿದರು. "ನನ್ನ ಕೆಲಸವನ್ನೇ ಪ್ರಶ್ನಿಸಿದ ವಿದ್ಯಾರ್ಥಿನಿ ಇವಳು. ನನ್ನ ಲ್ಯಾಬಿನಲ್ಲಿ ಅಂಥ ಸ್ವಾತಂತ್ರ್ಯ ಕೊಟ್ಟಿದ್ದೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ವೇದಿಕೆಗೆ ಕರೆದರು. ಹೋಗಿ ಪಕ್ಕದಲ್ಲಿ ನಿಂತೆ. ಆ ಫೋಟೋ ಈಗಲೂ ಅಲ್ಲಿನ ಮೆಟ್ಟಿಲ ಬಳಿಯ ಗೋಡೆಯಲ್ಲಿದೆಯಂತೆ. ಅದರಲ್ಲಿ ಅವರು ನಗುತ್ತಿದ್ದಾರೆ. ನಾನೂ ನಗುತ್ತಿದ್ದೇನೆ.