ಎಮ್ಮಿ ಹಾಲು, ನೇರಳಿ ಚುಕ್ಕಿ

ನಮ್ಮನಿ ಮಟಕಿ ಅನ್ನೋ ಎಮ್ಮಿ ಹಾಲಿಗೆ ಒಂದು ಪಿಎಚ್‌ಡಿ ಮುಳುಗಿಸೋ ತಾಕತ್ತದ ಅಂದ್ರ ನಂಬ್ತೀರೇನ್ರಿ? ನಂಬ್ರಿ. ಹಾಲು ಒಯ್ದಾಕಿ ನಾನೇ.

ಹಳೇ ಮಾತದು. ನಾ ಆಗ ಎಂಟನೇ ಕ್ಲಾಸು, ಈಗ ಪಿಯುಸಿ. (ವಯಸ್ಸಾದಂಗ ಹಿಂದಿಂದೆಲ್ಲ ನೆನಪಾಗ್ತದ ನೋಡ್ರಿ.) ನಮ್ಮ ವೈನಿ, ಅಂದ್ರ ಅಣ್ಣನ ಹೆಂಡ್ತಿ, ದಿನಾ ಆಳಂದ ಬಸ್‌ಸ್ಟ್ಯಾಂಡಿನಿಂದ ಗುಲ್ಬರ್ಗಾಕ್ಕ ಹೋಗಿ ಲ್ಯಾಬ್‌ನ್ಯಾಗ ಪಿಎಚ್‌ಡಿ ರಿಸರ್ಚ್ ಮಾಡ್ತಿದ್ಳು.

ತೊಗರಿ ಸಸಿ ನೀರಡಿಸಿದ್ರ ಒಳಗೊಳಗ ಒಂದು ಚೀಟಿ ಬರಕೊಂತದಂತ. ಆ ಚೀಟಿನೇ ಆರ್‌ಎನ್‌ಎ. ಅದನ್ನ ಹುಡುಕಲಿಕ್ಕ ಲ್ಯಾಬ್‌ನವ್ರು ರೇಡಿಯೋಆಕ್ಟಿವ್ ಗುರುತು ಅಂಟಿಸಿ, ಎಕ್ಸ್‌ರೇ ಫಿಲಂ ಇಟ್ಟು, ದಿನಗಟ್ಲೆ ಕಾಯೋರು.

ಅಷ್ಟ್ರಾಗ ವೈನಿ ಬಸರಾದ್ಳು. ಅವ್ವ ಫರ್ಮಾನು ಹೊರಡಿಸಿದ್ಳು.

"ಆ ಕಿರಣದ ಮುಂದ ನಿಲ್ಲೂದು ಬ್ಯಾಡ ಬೇ. ಸುಮ್ಮ ಜೇವರ್ಗಿಗೆ, ನಿನ್ನ ತವರಿಗೆ ನಡಿ."

"ಅತ್ತೀ, ನಾಕು ವರ್ಷದ ಕೆಲಸ ಅದರಿ! ಕಿರಣ ಇಲ್ದ ಬಣ್ಣದ್ಲೇ ಹುಡುಕ್ತೇನಿ. ಅಮಾಸಿ ತನಕ ಟೈಮ್ ಕೊಡ್ರಿ."

"ಅಮಾಸಿ ಆತಂದ್ರ ಜೇವರ್ಗಿ ಬಸ್ ಹತ್ತಬೇಕು ಮತ್ತ."

ವೈನಿ ಹಂತ್ಯಾಕ ಉಳಿದಿದ್ದು ಎರಡೇ ಸಲಕ್ಕಾಗೋವಷ್ಟು ಆರ್‌ಎನ್‌ಎ. ಗುರುತಿಗೆ ಬಯೋಟಿನ್ ಅನ್ನೋದನ್ನ ಆರಿಸಿದ್ಳು. ಆರ್‌ಎನ್‌ಎ ಅಂಟಿಸಿದ ತೆಳು ಹಾಳಿ ಮ್ಯಾಲ ಆ ಗುರುತು ಚೀಟಿ ಹುಡುಕಿ ಕೂತಲ್ಲಿ ನೇರಳಿ ಬಣ್ಣ ಬರಬೇಕು. ಕಂಡಕಂಡಲ್ಲಿ ಬಣ್ಣ ಹತ್ತಬಾರದಂತ ಹಾಳಿನ ಮೊದ್ಲು ಹಾಲಿನಪುಡಿ ಕಲಸಿದ ನೀರಿನ್ಯಾಗ ನೆನಸ್ತಾರ. ಅವತ್ತ ಪುಡಿ ತೀರಿತ್ತು.

"ಪುಡಿ ಯಾಕ್ರಿ ವೈನಿ? ಅಸಲಿ ಮಾಲು ತರ್ತೇನಿ!" ಅಂದು ನಾ ಕ್ಯಾನ್ ಹೊತ್ತು ಬಸ್ ಹತ್ತಿದೆ. (ಕೆನಿ ಎಷ್ಟು ದಪ್ಪ ಇತ್ತಂದ್ರ, ಕಂಡಕ್ಟರ್ ಅದಕ್ಕೂ ಅರ್ಧ ಟಿಕೀಟು ಹರದ.) ವೈನಿ ಕೆನಿ ತೆಗದು, ನೀರು ಹಾಕಿ ಬಳಸಿದ್ಳು.

ಹಾಳಿ ಪೂರಾ ಬದನಿಕಾಯಿ ಬಣ್ಣ! ಇನ್ನ ಚುಕ್ಕಿ ಎಲ್ಲಿ ಹುಡುಕೋದು?

ನಾ ಅಳಾಕತ್ತೆ. ವೈನಿ ಪುಸ್ತಕ ತಿರುವಿ ಹಾಕಿ ನಕ್ಕಳು. "ಎಮ್ಮಿದೂ ತಪ್ಪಲ್ಲ, ನಿಂದೂ ಅಲ್ಲ ಬೇ ಶಕ್ಕು. ನಾ ಆರಿಸಿದ್ದ ತಪ್ಪು. ಹಾಲಿನ್ಯಾಗ ಬಯೋಟಿನ್ ಇರ್ತದ. ಪುಡಿ ಹಾಕಿದ್ರೂ ಹಿಂಗ ಆಗ್ತಿತ್ತು."

ಎರಡನೇ ಸಲ ಡಿಜಾಕ್ಸಿಜೆನಿನ್ ಅಂತ ಯಾವುದೋ ಹೂವಿನ ಗಿಡದಿಂದ ತಗದ ಗುರುತು ಹಾಕಿದ್ಳು. ಹಾಲಿನ್ಯಾಗಿಲ್ಲ, ತೊಗರ್ಯಾಗಿಲ್ಲ. (ಆ ಹೆಸರು ಒಂದೇ ಉಸಿರಿಗೆ ಹೇಳಾಕಿ ಆಳಂದ ತಾಲೂಕಿನ್ಯಾಗ ನಾ ಒಬ್ಬಾಕಿನೇ.)

ಅಮಾಸಿ ಹಿಂದಿನ ದಿನ ವೈನಿ ಹಾಳಿ ಮನಿಗೇ ತಂದ್ಳು. ಬಿಳಿ ಹಾಳಿ, ಒಂದೇ ನೇರಳಿ ಚುಕ್ಕಿ. ಅವ್ವ ಅದನ್ನ ಬೆಳಕಿಗೆ ಹಿಡದು, "ಇಷ್ಟಕ್ಕ ಇಷ್ಟು ಬಡದಾಡಿದೇನು?" ಅಂದ್ಳು. ಮರುದಿನ ತಾನೇ ಬುತ್ತಿ ಕಟ್ಟಿ, ಜೇವರ್ಗಿಗಲ್ಲ, ಲ್ಯಾಬಿಗೇ ಹೋಗಂತ ವೈನಿನ್ನ ಗುಲ್ಬರ್ಗಾ ಬಸ್ಸಿಗೆ ಹತ್ತಿಸಿ ಬಂದ್ಳು.

ಮುಂದ ಲ್ಯಾಬ್‌ನವ್ರೆಲ್ಲ ಒಬ್ಬೊಬ್ಬರಾಗಿ ಕಿರಣ ಬಿಟ್ಟು ಬಣ್ಣಕ್ಕ ಬಂದ್ರು. ಚಲೋ ಆತು.

ಆದ್ರ ಒಬ್ಬಾಕಿ ಬಸರಾಗೋ ತನಕ, ಉಳಿದವರ ಮೈ ಮೈ ಆಗಿದ್ದಿಲ್ಲೇನ್ರಿ?